ಸೈರನ್ ಮೊದಲೋ ತೇಲುಗುಂಡು ಮೊದಲೋ

ಯಂತ್ರದ ಪೆಟ್ಟಿಗೆಗೆ ಕರೆಂಟ್ ಬಂದ ಕೂಡಲೇ ಅದು ಯಾರನ್ನೂ ಕೇಳದೆ ತನ್ನ ಕೆಲಸ ತಾನು ಶುರು ಮಾಡಬೇಕು. ಈಗ ಈ ವೃತ್ತಿಗೆ ಬರುವವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ನಾನು ಸೇರಿದ ಹೊತ್ತಿಗೆ, ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಇಷ್ಟನ್ನು ಸಾಧಿಸಲು ನಾವು ಪಟ್ಟ ಪಾಡು ನೆನೆದರೆ ನಗು ಬರುತ್ತದೆ. ಒಂದು ದಿನವನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ. ಆ ದಿನದ ಬಗ್ಗೆ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗಬೇಕಾದರೆ ಹಿಂದಿನ ಕೆಲವು ಸಂಗತಿಗಳನ್ನು ಹೇಳದೆ ವಿಧಿಯಿಲ್ಲ.

ನಾನು ಸೊರಬದ ಕಡೆಯವನು. ಡಿಪ್ಲೊಮಾ ಮುಗಿಸಿ ಅಳತೆ ಯಂತ್ರಗಳ ಒಂದು ಕಚೇರಿ ಸೇರಿದೆ. ಕೆರೆಗಳ ನೀರಿನ ಮಟ್ಟವನ್ನು ಯಂತ್ರವೇ ಅಳೆದು, ಕೋಡಿ ಬೀಳುವ ಮುಂಚೆ ಕೆಳಗಿನ ಜನರಿಗೆ ಸೈರನ್ ಕೂಗಿ ತಿಳಿಸಬೇಕು ಎಂಬುದು ಆಗ ಕಚೇರಿಯ ದೊಡ್ಡ ಕನಸು. ಅಂಜನಾಪುರ, ಅಂಬ್ಲಿಗೊಳಗಳಂಥ ಜಲಾಶಯಗಳ ಮೇಲೆ ಪ್ರಯೋಗ ಮಾಡುವ ಧೈರ್ಯ ಮೇಲಿನವರಿಗೆ ಇರಲಿಲ್ಲ. ಹಾಗಾಗಿ ಶಿಕಾರಿಪುರದಿಂದ ತೊಗರ್ಸಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಕೆರೆಯನ್ನು ಆರಿಸಿದರು. ಕೆರೆಯ ಹೆಸರು ಇಲ್ಲಿ ಬೇಡ. ಏರಿಯ ಮೇಲೆ ಒಂದು ಹೆಂಚಿನ ಕೋಣೆ, ಕೋಣೆಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಕಾವಲಿಗೆ ನಾನು.

ಪೆಟ್ಟಿಗೆಯ ಕೆಲಸ ಸರಳವಾಗಿತ್ತು. ಕೆರೆಯಂಚಿನ ಕೊಳವೆಯಲ್ಲಿ ತಾಮ್ರದ ತೇಲುಗುಂಡು ನೀರಿನೊಂದಿಗೆ ಏರಿಳಿಯುತ್ತಿತ್ತು. ಅದನ್ನು ಓದಲು ಒಂದು ಪುಟ್ಟ ಪ್ರೋಗ್ರಾಮು, ಸೈರನ್ ಕೂಗಿಸಲು ಇನ್ನೊಂದು, ಕಾಗದದ ಮೇಲೆ ಗೆರೆ ಎಳೆಯುವ ಪೆನ್ನಿಗೆ ಮತ್ತೊಂದು. ನೀವು ಇವನ್ನು ಡ್ರೈವರ್ ಎನ್ನುತ್ತೀರಿ. ನಾವು ಆಗ ಹ್ಯಾಂಡ್ಲರ್ ಎನ್ನುತ್ತಿದ್ದೆವು. ತೊಡಕು ಇದ್ದದ್ದು ಇಷ್ಟೇ: ಕರೆಂಟ್ ಹೋದರೆ ಪೆಟ್ಟಿಗೆ ಕಲಿತದ್ದನ್ನೆಲ್ಲ ಮರೆಯುತ್ತಿತ್ತು. ಮರಳಿ ಬಂದಾಗ ತೂತು ಕೊರೆದ ಕಾಗದದ ಸುರುಳಿಯನ್ನು ನಾನೇ ಯಂತ್ರಕ್ಕೆ ಉಣಿಸಿ, ಹ್ಯಾಂಡ್ಲರುಗಳನ್ನು ಒಂದೊಂದಾಗಿ ಒಳಗೆ ಕಳಿಸಬೇಕಿತ್ತು. ಆ ಊರಿನ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂದು ಲೆಕ್ಕ ಇಡುವುದನ್ನು ನಾನು ಮೊದಲ ವಾರವೇ ಬಿಟ್ಟೆ.

ಮಳೆಗಾಲದಲ್ಲಿ ಸುರುಳಿ ತೇವ ಹೀರಿ ದಪ್ಪಗಾಗುತ್ತಿತ್ತು, ಬೇಸಿಗೆಯಲ್ಲಿ ಮುರುಟುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ಬಿಸಿಲಿಗೆ ಹರಡಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಆಡು ಸೈರನ್ನಿನ ಹ್ಯಾಂಡ್ಲರನ್ನು ಪೂರ್ತಿ ತಿಂದು ಪೆನ್ನಿನದಕ್ಕೆ ಬಾಯಿ ಹಾಕಿತ್ತು. ಆಡು ಹನುಮಕ್ಕನದು. ಕೋಡಿಯ ನೀರು ಹರಿದುಹೋಗುವ, ಕೆರೆಯ ಕೆಳಗಿನ ಹಳ್ಳದ ಪಕ್ಕ ಅವಳ ಹೊಲ. ಗಂಡ ಕುರಿ ಹೊಡೆದುಕೊಂಡು ಬಯಲುಸೀಮೆಯ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬೇಸಾಯ, ಮನೆಯಲ್ಲಿ ಉಳಿದ ನಾಲ್ಕಾರು ಕುರಿ ಆಡು, ಹಳ್ಳದಲ್ಲಿಟ್ಟ ಪಂಪು, ಎಲ್ಲ ಅವಳ ಉಸ್ತುವಾರಿ. ನಾನು ದೂರು ಹೇಳಿದರೆ ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ಎಣ್ಣೆ ವಾಸ್ನೆ ಹೊಡೀತೈತೆ ಆ ಕಾಗ್ದ. ಹಂಗೆ ಹಾಸಿಟ್ರೆ ಆಡು ಬಿಡ್ತೈತಾ? ನೀನೇ ಹೇಳು ಸೊರಬದಣ್ಣ."

"ಈಗ ಎಂತ ಮಾಡೂದು ಹನುಮಕ್ಕ? ಇದು ಬೆಂಗಳೂರಿಂದ ಬರಬೇಕು ಮಾರಾಯ್ತಿ."

"ಎಂತ ಮಾಡೂದು," ಎಂದು ನನ್ನ ಮಾತನ್ನೇ ಅಣಕಿಸಿ, ಮರುದಿನ ಒಂದು ಚೊಂಬು ಮಜ್ಜಿಗೆ ತಂದಿಟ್ಟು ಹೋದಳು. ಕ್ಷಮೆ ಕೇಳುವ ಅವಳ ರೀತಿ ಅದು. ಆಮೇಲೆ ಅವಳು ಏರಿ ದಾಟುವಾಗಲೆಲ್ಲ ಕೋಣೆಗೆ ಇಣುಕಿ, "ಪೆಟ್ಗೆ ಎದ್ದೈತಾ, ಮಕ್ಕೊಂಡೈತಾ?" ಎಂದು ವಿಚಾರಿಸದೆ ಹೋಗುತ್ತಿರಲಿಲ್ಲ. ನಾನು ಆ ಊರಿನಲ್ಲಿ ಸೊರಬದಣ್ಣ ಆದದ್ದು ಅವಳ ಬಾಯಿಂದಲೇ.

ನನ್ನ ಮೇಲಧಿಕಾರಿ ಶ್ರೀಪಾದರಾಯರು ಆಡಿನ ವಿಷಯ ಕೇಳಿ ಸಿಟ್ಟಾಗಲಿಲ್ಲ. ಶಿವಮೊಗ್ಗದ ಕಚೇರಿಯಲ್ಲಿ ಕೂತು ನಮ್ಮಂಥ ಹಲವರನ್ನು ನೋಡಿಕೊಳ್ಳುತ್ತಿದ್ದ, ಮೃದುವಾಗಿ ಮಾತಾಡುವ ಮನುಷ್ಯ. "ನೋಡಿ ಇವ್ರೇ, ಸುರುಳಿ ಇದ್ರೆ ತಾನೆ ಆಡು ತಿನ್ನೋದು? ಸುರುಳೀನೇ ಬೇಡ," ಎಂದರು. ಆಗಷ್ಟೇ ನಮ್ಮ ಕೈಗೆ ಸಿಕ್ಕಿದ್ದ ಹೊಸ ಬಗೆಯ ಚಿಪ್ಪುಗಳಲ್ಲಿ ಒಮ್ಮೆ ಬರೆದದ್ದು ಕರೆಂಟ್ ಹೋದರೂ ಉಳಿಯುತ್ತಿತ್ತು. ಬೆನ್ನ ಮೇಲೆ ಒಂದು ಗಾಜಿನ ಕಿಟಕಿ. ಅದರ ಮೂಲಕ ನೇರಳಾತೀತ ಬೆಳಕು ಹಾಯಿಸಿದರೆ ಅಳಿಸಿ ಮತ್ತೆ ಬರೆಯಬಹುದು. ಬಿಸಿಲಿಗೆ ಬಿಟ್ಟರೆ ತಾನಾಗಿಯೇ ಅಳಿಸಿಹೋದೀತೆಂದು ಕಿಟಕಿಗೆ ಕಪ್ಪು ಟೇಪು ಅಂಟಿಸಿ, ಚಿಪ್ಪುಗಳನ್ನು ತಿಂಡಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದವರು ಡಬ್ಬಿಯಲ್ಲಿ ಏನೆಂದು ಕೇಳಿದರೆ ಔಷಧಿ ಎನ್ನುತ್ತಿದ್ದೆ. ನಿಜ ಹೇಳಿದರೆ ಶಿರಾಳಕೊಪ್ಪ ಬರುವ ತನಕ ವಿವರಿಸಬೇಕಾಗುತ್ತಿತ್ತು.

ಹ್ಯಾಂಡ್ಲರುಗಳು ತಾವಾಗಿಯೇ ಏಳಬೇಕು ಎಂದ ಮೇಲೆ ಯಾವುದು ಮೊದಲು ಏಳಬೇಕು ಎಂಬ ಪ್ರಶ್ನೆ ಬಂತು. ನಮ್ಮ ರಾಯರು ಅದಕ್ಕೆ ಕಚೇರಿಯ ಕ್ರಮವನ್ನೇ ಅನ್ವಯಿಸಿದರು. ಮುಖ್ಯವಾದದ್ದು ಮೊದಲು. ಇಡೀ ಯೋಜನೆ ಇರುವುದೇ ಸೈರನ್ನಿಗಾಗಿ, ಆದ್ದರಿಂದ ಸೈರನ್ ಮೊದಲು, ಆಮೇಲೆ ಪೆನ್ನು, ಕೊನೆಗೆ ತೇಲುಗುಂಡು. ಸಭೆಯಲ್ಲಿ ಅಧ್ಯಕ್ಷರನ್ನು ಮೊದಲು ಕೂರಿಸಿದ ಹಾಗೆ. ನನಗಾಗಲಿ ಬೆಂಗಳೂರಿನವರಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೊದಲ ಸಲ ಕರೆಂಟ್ ಹೋಗಿ ಬಂದಾಗ ನಾನು ಕೈಕಟ್ಟಿ ನಿಂತು ನೋಡಿದೆ. ಪೆಟ್ಟಿಗೆ ತಾನಾಗಿಯೇ ಎದ್ದಿತು. ಎದ್ದದ್ದೇ ಊರು ಬೆಚ್ಚುವಂತೆ ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಯಿತು. ಕೆರೆಯಲ್ಲಿ ಅರ್ಧ ನೀರೂ ಇರಲಿಲ್ಲ. ಕಾರಣ ಹುಡುಕಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಸೈರನ್ ಎದ್ದು ನೀರಿನ ಮಟ್ಟ ಎಷ್ಟೆಂದು ನೋಡುವಾಗ ಅದನ್ನು ಹೇಳಬೇಕಾದ ತೇಲುಗುಂಡಿನ ಹ್ಯಾಂಡ್ಲರ್ ಇನ್ನೂ ಎದ್ದಿರುತ್ತಿರಲಿಲ್ಲ. ಮಟ್ಟ ಬರೆದಿಡುವ ಜಾಗದಲ್ಲಿ ಕಸ ಇರುತ್ತಿತ್ತು, ಆ ಕಸ ಹೆಚ್ಚಾಗಿ ದೊಡ್ಡ ಸಂಖ್ಯೆಯಾಗಿರುತ್ತಿತ್ತು. ಕೆರೆ ತುಂಬಿದೆ ಎಂದು ಸೈರನ್ ಅರಚುತ್ತಿತ್ತು. ತೇಲುಗುಂಡು ಎದ್ದು ನಿಜ ಹೇಳಿದ ಮೇಲೆ ಬಾಯಿ ಮುಚ್ಚುತ್ತಿತ್ತು.

ಕಾರಣ ಸಿಕ್ಕಿದರೂ ಪರಿಹಾರ ಬರಲು ತಡವಾಯಿತು. ಹೊಸ ಚಿಪ್ಪು ಬೆಂಗಳೂರಿನಲ್ಲೇ ಬರೆಯಬೇಕು, ಬರೆಯುವ ಯಂತ್ರ ಕೆಟ್ಟಿತ್ತು. ಬೇಸಿಗೆಯಿಡೀ, ಮಳೆ ಹಿಡಿದ ಮೇಲೂ, ಕರೆಂಟ್ ಬಂದಾಗಲೆಲ್ಲ ಸೈರನ್ ಕೂಗುತ್ತಲೇ ಇತ್ತು. ಊರಿನವರು ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ಓಡಾಡಿದೆ. ಯಾರೂ ಬೈಯಲಿಲ್ಲ. ಬದಲಿಗೆ ಚಹಾ ಕುಡಿಸಿದರು.

ಚಹಾದ ಗುಟ್ಟು ಬಿಡಿಸಿದವರು ರಹೀಂ ಸಾಬರು. ಶಿಕಾರಿಪುರದ ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವರದು. ಹಳ್ಳದ ಪಂಪುಗಳಿಗೆಲ್ಲ ಅವರೇ ವೈದ್ಯರು. ಸೈಕಲ್ಲಿನ ಹಿಂದೆ ಮೋಟಾರು ಕಟ್ಟಿಕೊಂಡು ಬಂದವರು ನನ್ನ ಕೋಣೆಯ ನೆರಳಿನಲ್ಲಿ ಕೂತು ಬೀಡಿ ಹಚ್ಚಿದರು.

"ನಿಮ್ಮ ಸೈರನ್ ಬಂದಾಗಿಂದ ಜನಕ್ಕೆ ಆರಾಮಾಗೈತ್ರೀ ಸಾರ್. ಮುಂಚೆ ಕರೆಂಟ್ ಯಾವಾಗ ಬರ್ತೈತೋ ಅಂತ ಹಳ್ಳದಾಗೆ ಕೂತಿರ್ತಿದ್ರು. ಈಗ ಮನ್ಯಾಗೆ ಮಲಗಿರ್ತಾರೆ. ಸೈರನ್ ಆತು ಅಂದ್ರೆ ಹೋಗಿ ಪಂಪ್ ಹಾಕ್ತಾರೆ."

ನನಗೆ ನಗು ಬಂತು. ರಹೀಂ ಸಾಬರೂ ನಕ್ಕರು. ನಮ್ಮ ಯಂತ್ರ ಮಾಡಬೇಕಾದ ಕೆಲಸ ಬಿಟ್ಟು ಬೇರೆ ಎಲ್ಲವನ್ನೂ ಚೆನ್ನಾಗಿ ಮಾಡುತ್ತಿದೆ ಎಂದು ರಾಯರಿಗೆ ಹೇಳಿದಾಗ ಅವರು ನಗಲಿಲ್ಲ. ಸರಿಪಡಿಸಬೇಕು, ಬೇಗ ಸರಿಪಡಿಸಬೇಕು ಎಂದರು. ಮಳೆಗಾಲ ಮುಗಿಯುತ್ತ ಬಂದಾಗ ಹೊಸ ಚಿಪ್ಪು ಬಂತು. ತೇಲುಗುಂಡು ಮೊದಲು, ಅದು ನೆಲೆಗೊಳ್ಳಲು ಒಂದಿಷ್ಟು ಬಿಡುವು, ಆಮೇಲೆ ಪೆನ್ನು, ಕಟ್ಟಕಡೆಗೆ ಸೈರನ್. ಕರೆಂಟ್ ಹೋಗಿ ಬಂದರೂ ಪೆಟ್ಟಿಗೆ ಸದ್ದಿಲ್ಲದೆ ಎದ್ದು ಕೆಲಸಕ್ಕೆ ಕೂತಿತು. ನನ್ನ ವೃತ್ತಿಯ ಮೊದಲ ಗೆಲುವು ಅದು. ಅವತ್ತು ಶಿಕಾರಿಪುರಕ್ಕೆ ಹೋಗಿ ಹೋಟೆಲಿನಲ್ಲಿ ಒಬ್ಬನೇ ಮಸಾಲೆ ದೋಸೆ ತಿಂದೆ.

ಮರುವಾರ ರಾಯರು ತಪಾಸಣೆಗೆ ಬಂದ ದಿನ ಹಳ್ಳದ ಪಂಪಿನವರೆಲ್ಲ ಏರಿಯ ಮೇಲೆ ಸೇರಿದ್ದರು. ಮುಂದೆ ಹನುಮಕ್ಕ.

"ಸಾಹೇಬ್ರೆ, ಸೈರನ್ ಯಾಕ್ರೀ ಕಿತ್ತು ಹಾಕಿದ್ರಿ?"

"ಕಿತ್ತಿಲ್ಲಮ್ಮ, ಸರಿ ಮಾಡಿದೀವಿ. ಅದು ನೀರು ಬಂದಾಗ ಕೂಗೋಕೆ ಇರೋದು. ಕರೆಂಟ್ ಬಂದಾಗ ಅಲ್ಲ."

"ನೀರು ವರ್ಷಕ್ಕೊಂದ್ ಸಲ ಬರ್ತೈತೋ ಇಲ್ಲೋ. ಕರೆಂಟ್ ದಿನಾ ಬರ್ತೈತೆ. ದಿನಾ ಬರೋದಕ್ಕೆ ಕೂಗ್ಲಿ ಬಿಡ್ರಿ. ಕಾಲುವೆ ನೀರು ಹತ್ತದ ಹೊಲ ನಮ್ದು, ಪಂಪ್ ಬಿಟ್ರೆ ಗತಿ ಇಲ್ಲ."

ರಾಯರು, "ನೋಡೋಣ," ಎಂದು ಜೀಪು ಹತ್ತಿದರು.

ಸರ್ಕಾರಿ ಬಾಯಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅದು ನನಗೆ ಗೊತ್ತಿತ್ತು. ಅಷ್ಟು ದೊಡ್ಡ ಸಾಹೇಬರು ನಿಂತು ಕೇಳಿ ನೋಡೋಣ ಎಂದರಲ್ಲ, ಮಾಡಿಸಿಯೇ ಮಾಡಿಸುತ್ತಾರೆ ಎಂದು ಹನುಮಕ್ಕ ತಿಳಿದಳು. ಅವಳು ತಿಳಿದದ್ದನ್ನು ಊರೂ ತಿಳಿಯಿತು. ಸೈರನ್ ಮತ್ತೆ ಕೂಗುವುದನ್ನೇ ಎಲ್ಲರೂ ಕಾಯತೊಡಗಿದರು.

ಅದಾಗಿ ಕೆಲವೇ ದಿನ. ಚಿತ್ತಾ ಮಳೆಯ ಕಾಲ. ನಮ್ಮಲ್ಲಿ ಬಿಸಿಲು ಚುರುಗುಡುತ್ತಿತ್ತು, ಸೊರಬದ ಗಡಿಯ ಕಡೆ ಮಾತ್ರ ಆಕಾಶ ಹಿಂದಿನ ದಿನದಿಂದ ಕಪ್ಪಿಟ್ಟಿತ್ತು. ಆಗಲೇ ತುಂಬುತ್ತ ಬಂದಿದ್ದ ಕೆರೆಗೆ ಬೆಳಿಗ್ಗೆಯಿಂದ ಕೆಂಪು ನೀರು ನುಗ್ಗತೊಡಗಿತು. ಮೇಲೆಲ್ಲೋ ಒಂದು ಸಣ್ಣ ಕೆರೆ ಒಡೆದಿತ್ತೆಂದು ಆಮೇಲೆ ತಿಳಿಯಿತು. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಪೆಟ್ಟಿಗೆಗೆ ಬ್ಯಾಟರಿ ಇರಲಿಲ್ಲ, ಕೇಳಿದ್ದೆವು, ಬಂದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟ್ ಬಂತು. ಪೆಟ್ಟಿಗೆ ತಾನಾಗಿಯೇ ಎದ್ದಿತು. ತೇಲುಗುಂಡು ಎದ್ದಿತು, ಬಿಡುವು ಕಳೆಯಿತು, ಪೆನ್ನು ಎದ್ದು ಕಾಗದದ ಮೇಲಂಚಿನಲ್ಲಿ ಗೆರೆ ಎಳೆಯಿತು. ಕೊನೆಗೆ ಸೈರನ್ ಕೂಗಿತು. ಈ ಸಲ ಅದು ಹೇಳಿದ್ದು ಅಪ್ಪಟ ನಿಜ. ನೀರು ಕೋಡಿಯ ಕಲ್ಲನ್ನು ಮುಟ್ಟುತ್ತಿತ್ತು.

ನಾನು ಹೊರಗೆ ಬಂದು ಹಳ್ಳದ ಕಡೆ ನೋಡಿದೆ. ಹಳ್ಳದಲ್ಲಿ ಯಾರಾದರೂ ಇದ್ದರೆ ಓಡಿ ಮೇಲೆ ಬರುತ್ತಾರೆಂದು ನನ್ನ ಎಣಿಕೆ. ಹಳ್ಳದಲ್ಲಿ ಯಾರೂ ಇರಲಿಲ್ಲ. ಊರಿನ ಕಡೆಯಿಂದ ಜನ ಹಳ್ಳಕ್ಕೆ ಇಳಿಯುತ್ತಿದ್ದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಪಾನಾ, ಮುಖದಲ್ಲಿ ನಗು. ಸಾಹೇಬರು ಮಾತು ಉಳಿಸಿಕೊಂಡಿದ್ದರು, ಸೈರನ್ ಮತ್ತೆ ಕೂಗಿತ್ತು, ಕರೆಂಟ್ ಬಂದಿತ್ತು. ಎಲ್ಲರಿಗಿಂತ ಮುಂದೆ ಹನುಮಕ್ಕ. ಅವಳ ಪಂಪು ಹಳ್ಳದ ಅತಿ ತಗ್ಗಿನಲ್ಲಿತ್ತು. ನನ್ನನ್ನು ಕಂಡು ಕೈ ಎತ್ತಿ ಬೀಸಿದಳು. ಶಭಾಷ್ ಎನ್ನುವ ಹಾಗೆ.

ನಾನು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ತಲೆಯ ಮೇಲೆ ಸೈರನ್ ಅರಚುತ್ತಿರುವಾಗ ನನ್ನ ಕೂಗು ನನಗೇ ಕೇಳಿಸಲಿಲ್ಲ. ಕೈ ಬೀಸಿ ಹತ್ತಿ ಬನ್ನಿ ಎಂದೆ, ಅವರೂ ಕೈ ಬೀಸಿದರು. ಓಡಿ ಇಳಿದು ಹೇಳಿ ಬರುವಷ್ಟು ಹೊತ್ತಿರಲಿಲ್ಲ. ಕೋಡಿಯ ಮೇಲೆ ತೆಳ್ಳಗೆ ನೀರು ಹರಿಯಲು ಶುರುವಾಗಿತ್ತು. ಅದು ತೆಳ್ಳಗೆ ಇರುವುದು ಸ್ವಲ್ಪ ಹೊತ್ತು ಮಾತ್ರ.

ಆಗ ರಹೀಂ ಸಾಬರ ಮಾತು ನೆನಪಾಯಿತು. ಕರೆಂಟ್ ಬಂದರೆ ಇವರು ಇಳಿಯುತ್ತಾರೆ. ಹೋದರೆ? ಪಂಪು ಓಡುತ್ತಿರುವಾಗ ನಡುವೆ ಕರೆಂಟ್ ಹೋದರೆ ಇವರು ಮಾಡುವ ಕೆಲಸ ಒಂದೇ. ಫ್ಯೂಸ್ ಹಾರಿತೇ ಎಂದು ನೋಡಲು, ಯಾರ ಮೋಟಾರಿನಿಂದ ಹಾರಿತು ಎಂದು ಜಗಳವಾಡಲು, ತಾವು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್ ಹತ್ತಿರ ಬರುತ್ತಾರೆ. ಟ್ರಾನ್ಸ್‌ಫಾರ್ಮರ್ ಇದ್ದದ್ದು ಏರಿಯ ಮೇಲೆ, ನನ್ನ ಕೋಣೆಯ ಪಕ್ಕ. ಲೈನು ತೆಗೆಯಲು ಕಂಬದ ಕೆಳಗಿದ್ದ ಕಬ್ಬಿಣದ ಹಿಡಿಗೆ ಬೀಗ ಇರಬೇಕಿತ್ತು, ಇರಲಿಲ್ಲ. ನಾನು ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದೆ.

ಸೈರನ್ ಕೊರಗುತ್ತ ಅಡಗಿತು. ಹಳ್ಳದಲ್ಲಿ ಆಗಷ್ಟೇ ಓಡತೊಡಗಿದ್ದ ಪಂಪುಗಳು ನಿಂತವು. ಜನ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಬೈಯುತ್ತ, ಒಬ್ಬರ ಹಿಂದೊಬ್ಬರು ಏರಿಯ ಕಡೆ ಹತ್ತತೊಡಗಿದರು. ಆ ಬೈಗುಳದಷ್ಟು ಹಿತವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಹನುಮಕ್ಕ ಹತ್ತಲಿಲ್ಲ. ಹೋದ ಕರೆಂಟ್ ಮತ್ತೆ ಬರುತ್ತದೆ, ಸುಮ್ಮನೆ ಹತ್ತಿ ಇಳಿಯುವುದೇಕೆ ಎಂದು ಪಂಪಿನ ಪಕ್ಕದ ಹೊಂಗೆ ಮರದ ನೆರಳಿನಲ್ಲಿ ಕೂತು ಎಲೆಅಡಿಕೆ ಸಂಚಿ ಬಿಚ್ಚಿದಳು. ನಾನು ಕೂಗಿದೆ. ಅವಳು ಇರಲಿ ಎನ್ನುವಂತೆ ಕೈ ಆಡಿಸಿದಳು. ನೀರು ಎಂದು ಕೂಗಿದೆ. ಅಲ್ಲೇ ಇದ್ದ ಮಡಿಕೆಯನ್ನು ಎತ್ತಿ ತೋರಿಸಿದಳು, ಕುಡಿಯಲು ನೀರಿದೆ ಎಂದು.

ಅಷ್ಟರಲ್ಲಿ ಯಾರದೋ ಮೋಟಾರು ಜೋಡಿಸಲು ಬಂದಿದ್ದ ರಹೀಂ ಸಾಬರು ಎಲ್ಲರೊಂದಿಗೆ ಹತ್ತಿ ಬಂದರು. ಕೋಡಿ ನೋಡಿದರು, ನನ್ನ ಮುಖ ನೋಡಿದರು, ಕೆಳಗೆ ಕೂತ ಹನುಮಕ್ಕನನ್ನು ನೋಡಿದರು. ಏರಿಯ ಅಂಚಿಗೆ ಹೋಗಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

"ಹನುಮಕ್ಕಾ, ನಿನ್ನ ಸ್ಟಾರ್ಟರಿಂದಾನೇ ಟಿಸಿ ಸುಟ್ಟೈತಂತೆ. ಎಲ್ಲಾ ನಿನ್ನನ್ನೇ ಬೈತಾವ್ರೆ."

ಹನುಮಕ್ಕ ಎದ್ದ ರಭಸ ಈಗಲೂ ಕಣ್ಣ ಮುಂದಿದೆ. ಸಂಚಿ ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಯಾವನ್ಲಾ ಅವ್ನು ನನ್ ಮೋಟ್ರು ಅಂದೋನು," ಎನ್ನುತ್ತ ದಾಪುಗಾಲು ಹಾಕಿ ಹತ್ತಿದಳು. ಏರಿಯ ಮೇಲೆ ಬಂದವಳೇ ರಹೀಂ ಸಾಬರಿಗೆ ಮುಖಾಮುಖಿ ನಿಂತು ಬಾಯಿ ತೆರೆದಳು. ರಹೀಂ ಸಾಬರು ಅವಳ ಹಿಂದಕ್ಕೆ ಕೈ ತೋರಿಸಿದರು.

ಕೋಡಿ ಪೂರ್ತಿ ಬಿದ್ದಿತ್ತು. ಕೆಂಪು ನೀರು ಹಳ್ಳದ ಎರಡೂ ದಡ ಹಿಡಿದು ಬಂತು. ಅವಳ ಪಂಪು, ಮೇಲಿನ ತಗಡಿನ ಮಾಡು, ಪಕ್ಕದ ಮಡಿಕೆ ಒಟ್ಟಿಗೇ ಕಾಣದಾದವು. ಹೊಂಗೆ ಮರದ ಕೊಂಬೆಗಳು ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿದ್ದವು. ಹನುಮಕ್ಕ ಅಲ್ಲೇ ನೆಲಕ್ಕೆ ಕೂತಳು. ನೀರನ್ನೇ ನೋಡುತ್ತ, ತಿರುಗದೆಯೇ ಕೇಳಿದಳು.

"ಕರೆಂಟ್ ತೆಗ್ದಿದ್ದು ನೀನಾ ಸೊರಬದಣ್ಣ?"

"ಹೌದು ಹನುಮಕ್ಕ."

"ಇನ್ನೊಂದ್ ಸಲ ನೀರು ಬಂದ್ರೆ ಅದ್ನ ಕೂಗಿಸ್ಬೇಡ. ಹಿಂಗೇ ಕರೆಂಟ್ ತೆಗಿ."

ನಾನು ಆಗ ಅತ್ತೆ. ನಾಚಿಕೆಯೇನೂ ಇಲ್ಲ, ಎಲ್ಲರ ಮುಂದೆಯೇ ಅತ್ತೆ. ರಹೀಂ ಸಾಬರು ಬೀಡಿ ಕೊಟ್ಟರು. ನಾನು ಸೇದುವವನಲ್ಲ, ಅವತ್ತು ಸೇದಿದೆ.

ಎರಡು ದಿನ ಬಿಟ್ಟು ಶ್ರೀಪಾದರಾಯರು ಬಂದರು. ನಡೆದದ್ದನ್ನೆಲ್ಲ ನಿಂತೇ ಕೇಳಿದರು. ಹಿಡಿ ಎಳೆಯಲು ಯಾರನ್ನು ಕೇಳಿದಿರಿ ಎಂದರು. ಯಾರನ್ನೂ ಕೇಳಲಿಲ್ಲ ಎಂದೆ. ಇನ್ನು ನನ್ನ ನೌಕರಿ ಇಷ್ಟೇ ಎಂದುಕೊಂಡೆ. ಅವರು ಕೋಣೆಯೊಳಗೆ ಹೋಗಿ ಕುರ್ಚಿ ಎಳೆದು ಕೂತು ಕೇಳಿದ್ದು ಬೇರೆಯೇ ಪ್ರಶ್ನೆ. "ಆ ಹಿಡೀನ ನಮ್ಮ ಪೆಟ್ಟಿಗೇನೇ ಎಳೆಯೋ ಹಾಗೆ ಮಾಡಬಹುದಾ ಇವ್ರೇ?"

ಮಾಡಬಹುದಿತ್ತು. ಮಾಡಲು ಒಪ್ಪಿಗೆ ಸಿಗುವುದೇ ಕಷ್ಟವಾಗಿತ್ತು. ಜನರ ಕರೆಂಟ್ ತೆಗೆಯುವ ಯಂತ್ರಕ್ಕೆ ಯಾವ ಅಧಿಕಾರಿ ಸಹಿ ಹಾಕುತ್ತಾನೆ? ಕೊನೆಗೆ ಪಂಪಿನವರೇ ಒಟ್ಟಾಗಿ ಬಂದು ನಮ್ಮ ಲೈನು ತೆಗೆಯಿರಿ ಎಂದು ಕೇಳಿಕೊಂಡರು. ಮುಂದೆ ನಿಂತು ಮಾತಾಡಿದವಳು ಯಾರೆಂದು ಹೇಳಬೇಕಿಲ್ಲ. ಹಳೆಯ ಅಕ್ಕಿ ಗಿರಣಿಯ ಸ್ಟಾರ್ಟರಿನಿಂದ ರಹೀಂ ಸಾಬರು ಪಂಪಿನ ಲೈನಿಗೆ ಒಂದು ಸ್ವಿಚ್ಚು ಮಾಡಿಕೊಟ್ಟರು. ಅದನ್ನು ಬೀಳಿಸುವ ಹ್ಯಾಂಡ್ಲರ್ ನಾನೇ ಬರೆದೆ. ನನ್ನದೇ ಎನ್ನಬಹುದಾದ ಮೊದಲ ಪ್ರೋಗ್ರಾಮು ಅದು. ಬ್ಯಾಟರಿಯೂ ಬಂತು. ಕರೆಂಟ್ ಬಂದಾಗ ಬಾರಿಸಲು ಬೇರೆ ದನಿಯ ಗಂಟೆಯೊಂದನ್ನು ಹಾಕಿದೆವು. ಹೊಸ ಚಿಪ್ಪಿನಲ್ಲಿ ಮೊದಲು ತೇಲುಗುಂಡು, ಆಮೇಲೆ ಲೈನು ಬೀಳಿಸುವ ಸ್ವಿಚ್ಚು, ಅದರ ಹಿಂದೆ ಪೆನ್ನು, ಗಂಟೆ. ಸೈರನ್ ಕೊನೆಯದಾಗಿಯೇ ಉಳಿಯಿತು.

ಈಗ ಈ ಕೆಲಸಕ್ಕೆ ಬರುವವರು ಯಾವುದು ಮೊದಲು ಏಳಬೇಕೆಂದು ಯಂತ್ರವನ್ನು ನೋಡಿ ತೀರ್ಮಾನಿಸುತ್ತಾರೆ. ಹಾಗೆಯೇ ಮಾಡಬೇಕು. ಅದು ಎದ್ದಾಗ ಸುತ್ತಲಿನ ಜನ ಎದ್ದು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಒಂದು ವಾರ ಅಲ್ಲೇ ಇದ್ದು ನೋಡಿ ಎಂದಷ್ಟೇ ನಾನು ಹೇಳುವುದು.

ಆ ಕೆರೆಯ ಮೇಲೆ ನಾನಿದ್ದ ಉಳಿದ ದಿನಗಳಲ್ಲಿ ಕೋಡಿ ಮತ್ತೆ ಬೀಳಲಿಲ್ಲ. ಕರೆಂಟ್ ಮಾತ್ರ ಮೊದಲಿನಂತೆ ಹೋಗುತ್ತಲೇ ಇತ್ತು. ಹೋದಾಗಲೆಲ್ಲ ಹಳ್ಳದಲ್ಲಿದ್ದವರು ಕೆಲಸ ಬಿಟ್ಟು ಏರಿ ಹತ್ತುತ್ತಿದ್ದರು. ಹನುಮಕ್ಕ ಏದುಸಿರು ಬಿಡುತ್ತ ಬಂದು, ಕೋಡಿಯ ಕಡೆ ನೋಡಿ, ನನ್ನ ಕಡೆ ತಿರುಗುತ್ತಿದ್ದಳು.

"ಇವತ್ತೂ ಸುಳ್ಳಾ ಸೊರಬದಣ್ಣ?"

"ಸುಳ್ಳೇ ಹನುಮಕ್ಕ. ಶಿಕಾರಿಪುರದಲ್ಲೇ ತೆಗೆದಿದ್ದಾರೆ."

"ಆಗ್ಲಿ ಬಿಡು," ಎನ್ನುತ್ತಿದ್ದಳು. ಹೊಸ ಸಂಚಿ ಬಿಚ್ಚಿ ನನಗೂ ಒಂದು ಎಲೆ ಕೊಟ್ಟು, ಕರೆಂಟ್ ಬಂದು ಗಂಟೆ ಬಾರಿಸುವ ತನಕ ಏರಿಯ ಮೇಲೇ ಕೂತಿರುತ್ತಿದ್ದಳು.